ಎರಡು ಚಾನೆಲ್‌ಗಳ ನಡುವಿನ ಚಿತ್ರ

"ಅಮ್ಮಾ, ಇಲ್ಲಿ ನೋಡ್ರಿ. ಹಾರ್ಡ್ ಡಿಸ್ಕ್ ಕಿತ್ತು ಒಯ್ದಾವ ಇದನ್ನ ಮರ್ತಾನ."

ಆಫ್ರೀನ್ ಬೆರಳಿಟ್ಟು ತೋರಿಸಿದಳು. ಹಳೆಯ ಕಂಪ್ಯೂಟರಿನ ಸಿ.ಡಿ. ತಟ್ಟೆ ಹೊರಗೆ ಬಂದಿತ್ತು. ಅದರ ಮೇಲೆ ಒಂದು ಸಿ.ಡಿ. ಕುಳಿತಿತ್ತು.

ಚನ್ನವೀರಮ್ಮ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು ಬಗ್ಗಿದರು. ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿ, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಒಂದು ವಸ್ತು ಅದು ಇರಬಾರದ ಜಾಗದಲ್ಲಿ ಕಂಡರೆ ಈಗಲೂ ಅವರಿಗೆ ಊಟ ರುಚಿಸುತ್ತಿರಲಿಲ್ಲ.

ಆ ಕಂಪ್ಯೂಟರು ಹಾಲಸಿದ್ದಪ್ಪನದು. ಕುರುಗೋಡು ರಸ್ತೆಯ ಲಾರಿ ಕಾಟಾದಲ್ಲಿ ಅದಿರಿನ ಲಾರಿಗಳನ್ನು ತೂಗಿ ಚೀಟಿ ಬರೆಯುತ್ತಿದ್ದ ಗುಮಾಸ್ತ. ಅವನು ಕಾಣೆಯಾಗಿ ಹನ್ನೊಂದು ದಿನ. ಅವನನ್ನು ಕೊಂದು ಎಲ್ಲೋ ಹಾಕಿದ್ದಾನೆಂಬ ಆರೋಪದ ಮೇಲೆ ಜೈಲಿನಲ್ಲಿರುವವನು ಲಾರಿ ಮಾಲೀಕ ಕೈಸರ್, ಆಫ್ರೀನಳ ಒಡಹುಟ್ಟಿದ ಅಣ್ಣ. ಸೋಮವಾರ ಜಾಮೀನಿನ ವಿಚಾರಣೆ. ಇವತ್ತು ಶನಿವಾರ.

ಕಾಟಾದ ಮಾಲೀಕ ಮೈಲಾರಲಿಂಗಪ್ಪ, "ಡಿಸ್ಕೇ ಇಲ್ಲದ ಡಬ್ಬಿ ಇದು, ಪೊಲೀಸರೂ ಬ್ಯಾಡ ಅಂದ್ರು, ಬೇಕಾದ್ರ ಒಯ್ರಿ" ಎಂದು ಕೊಟ್ಟುಬಿಟ್ಟಿದ್ದ. ಆಫ್ರೀನಳಿಗಾಗಿ ತಾವೇ ಸುಳಿವು ಹುಡುಕುತ್ತಿದ್ದ ಚನ್ನವೀರಮ್ಮ ಅದನ್ನು ಆಟೋದಲ್ಲಿ ಹಾಕಿಕೊಂಡು ಬಳ್ಳಾರಿ ಬ್ರೂಸ್‌ಪೇಟೆಯ ಅವಳ ಅಂಗಡಿಗೆ ತಂದಿದ್ದರು. ಬೋರ್ಡಿನ ಮೇಲೆ ಇನ್ನೂ ಅವಳ ಅಪ್ಪ ರಾಜೇಸಾಬರ ಹೆಸರಿತ್ತು. ಕಣ್ಣು ಮಂಜಾದ ಮೇಲೆ ರಾಜೇಸಾಬರು ಮನೆ ಹಿಡಿದಿದ್ದರು. ರಿಪೇರಿಯ ಕೆಲಸವೆಲ್ಲ ಮಗಳದು.

"ಏನೈತಿ ಅದರಾಗ?"

"ಲಿನಕ್ಸ್ ಐತ್ರಿ. ಕಂಪ್ಯೂಟರ್ ಪತ್ರಿಕಿ ಜೊತಿ ಪುಕ್ಕಟೆ ಕೊಡ್ತಾರ. ಇದಕ್ಕ ಹಾರ್ಡ್ ಡಿಸ್ಕೇ ಬೇಕಾಗಿಲ್ಲ. ಸಿ.ಡಿ.ಯಿಂದಲೇ ಚಾಲೂ ಆಗತೈತಿ."

ಅವಳು ಗುಂಡಿ ಒತ್ತಿದಳು. ಫ್ಯಾನು ಗುಂಯ್‌ಗುಟ್ಟಿತು. ಒಳಗಿದ್ದ ಕೆಂಪು ಧೂಳು ಹಿಂದಿನ ಜಾಲರಿಯಿಂದ ಹಾರಿ ಟೇಬಲ್ಲಿನ ಮೇಲೆ ಬಿತ್ತು. ಆಮೇಲೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಓಡತೊಡಗಿದವು.

ಒಂದು ಸಾಲಿನ ಮೇಲೆ ಆಫ್ರೀನಳ ಕಣ್ಣು ನಿಂತಿತು.

"ಟಿ.ವಿ. ಕಾರ್ಡ್ ಐತಿ ಒಳಗ. ಕೇಬಲ್ ವಾಯರ್ ಸಿಕ್ಕಿಸಿದ್ರ ಕಂಪ್ಯೂಟರಿನಾಗ ಟಿ.ವಿ. ನೋಡಬಹುದು, ಚಿತ್ರ ಹಿಡದೂ ಇಡಬಹುದು. ಡ್ರೈವರ್ ತಾನೇ ಬಂದು ಕುಂತೈತಿ, ಆದ್ರ ಇದು ಯಾವ ಕಂಪನಿ ಕಾರ್ಡ್ ಅಂತ ಅದಕ್ಕ ಗುರುತು ಹತ್ತವಲ್ದು."

"ಡ್ರೈವರಾ?" ಚನ್ನವೀರಮ್ಮ ತಲೆ ಎತ್ತಿದರು. "ಇರೂ ಲಾರಿ ಡ್ರೈವರುಗಳು ಸಾಲದು ಅಂತ ಇದರಾಗ ಇನ್ನೊಬ್ಬ ಬಂದನೇನು?"

ಹನ್ನೊಂದು ದಿನದಲ್ಲಿ ಮೊದಲ ಸಲ ಆಫ್ರೀನ್ ನಕ್ಕಳು.

"ಇವ ದುಭಾಷಿ ಇದ್ದಂಗ್ರಿ. ಕಾರ್ಡ್ ಹೇಳಿದ್ದನ್ನ ಕಂಪ್ಯೂಟರಿಗೆ ತಿಳಿಸ್ತಾನ. ಕಂಪನಿಯವರು ಕೊಟ್ಟ ಸಿ.ಡಿ. ಕಳಕೊಂಡ್ರ ಕಾರ್ಡ್ ಕೆಲಸಕ್ಕ ಬರೂದಿಲ್ಲ. ಆದ್ರ ಇದನ್ನ ಬರದವರು ಯಾವ ಕಂಪನಿಯವರೂ ಅಲ್ಲ. ಎಲ್ಲೆಲ್ಲೋ ಕುಂತ ಮಂದಿ ಬರದು, ಹ್ಯಾಂಗ ಬರದೀವಿ ಅನ್ನೂದನ್ನೂ ಬಿಚ್ಚಿ ಇಟ್ಟಾರ. ಬಿಟಿಟಿವಿ ಅಂತಾರ ಇದಕ್ಕ. ಇದಕ್ಕ ನೂರಾರು ಥರದ ಕಾರ್ಡ್ ಗೊತ್ತು. ನಮ್ದು ಎಷ್ಟನೇದು ಅಂತ ನಾವು ಹೇಳ್ಬೇಕು."

"ಹೇಳು ಮತ್ತ."

"ಗೊತ್ತಿದ್ರ ಹೇಳ್ತಿದ್ದೆ."

ಅವಳು ಒಂದೊಂದೇ ನಂಬರು ಕೊಟ್ಟು ನೋಡತೊಡಗಿದಳು. ಒಂದಕ್ಕೆ ಪರದೆ ನೀಲಿಯಾಯಿತು. ಇನ್ನೊಂದಕ್ಕೆ ಬೂದಿ ಚುಕ್ಕಿಗಳು ಕುದಿದವು. ಮತ್ತೊಂದಕ್ಕೆ ಸದ್ದು ಬಂತು, ಚಿತ್ರವಿಲ್ಲ. ಹೊರಗೆ ಓಣಿಯಲ್ಲಿ ಕೈಗಾಡಿಯವನು ಬದಿ ಬಿಡಿ ಎಂದು ತೆಲುಗಿನಲ್ಲಿ ಕೂಗುತ್ತ ಹೋದ. ಚನ್ನವೀರಮ್ಮ ಎಲೆಯಡಿಕೆಯ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಬಾಯಿಗೆ ಹಾಕಿಕೊಳ್ಳುವುದನ್ನು ಮರೆತು ಕೈಯಲ್ಲೇ ಹಿಡಿದುಕೊಂಡು ಕುಳಿತರು.

ಹದಿನೇಳನೆಯ ಸಲಕ್ಕೆ ಪರದೆಯಲ್ಲಿ ಒಬ್ಬ ಹೆಣ್ಣುಮಗಳು ಸೀರೆಯ ಸೆರಗು ಸರಿಪಡಿಸಿಕೊಂಡು ದೂರದರ್ಶನದ ವಾರ್ತೆ ಓದತೊಡಗಿದಳು.

"ಬಂತು!" ಚನ್ನವೀರಮ್ಮ ಎಲೆಯನ್ನು ಬಾಯಿಗೆ ತುರುಕಿದರು.

ಆಫ್ರೀನ್ ಮಾತ್ರ ವಾರ್ತೆಯನ್ನು ನೋಡಲಿಲ್ಲ. ಪಕ್ಕದ ಸಣ್ಣ ಕಿಟಕಿಯಲ್ಲಿ ಮೂಡಿದ್ದ ಒಂದು ಸಾಲನ್ನು ನೋಡುತ್ತಿದ್ದಳು.

"ಅಮ್ಮಾ, ಪೊಲೀಸರು ಕಾಟಾದಾಗ ಹಿಡದ ಚೀಟಿ ಐತಲ್ಲ, ಅದರಾಗ ಏನು ಬರದಿತ್ತು?"

ಚನ್ನವೀರಮ್ಮನಿಗೆ ಅದು ಬಾಯಿಪಾಠ. ಆದರೂ ಜಂಪರಿನೊಳಗಿಂದ ಸಣ್ಣ ಪುಸ್ತಕ ತೆಗೆದು ನೋಡಿಯೇ ಹೇಳಿದರು. "ಎರಡು, ಒಂಬತ್ತು, ಎಂಟು, ನಾಕು. ನಿಮ್ಮಣ್ಣನ ಲಾರಿ ನಂಬರ್."

ಕೈಸರನನ್ನು ಹಿಡಿದುಹಾಕಿದ್ದೇ ಆ ಚೀಟಿ. ಕಾಣೆಯಾದವನು ತನ್ನ ಕೈಯಾರೆ ಬರೆದು ಕಂಪ್ಯೂಟರಿಗೆ ಅಂಟಿಸಿಟ್ಟ ನಾಲ್ಕು ಅಂಕಿ. ಅದೇ ನಂಬರಿನ ಲಾರಿಯ ಸೀಟಿನ ಕೆಳಗೆ ಸಿಕ್ಕ ಟವೆಲ್ಲಿಗೆ ರಕ್ತದ ಕಲೆ. ಹಿಂದಿನ ದಿನ ಇಬ್ಬರೂ ಜಗಳವಾಡಿದ್ದನ್ನು ಕಂಡವರು ಮೂರು ಜನ.

"ಆದ್ರ ಒಂದು ಮಾತು," ಚನ್ನವೀರಮ್ಮ ಮುಂದುವರಿಸಿದರು. "ಕಾಟಾದ ಹಳೀ ಚೀಟಿ ಎಲ್ಲಾ ನೋಡೀನಿ ನಾನು. ಹಾಲಸಿದ್ದಪ್ಪ ಲಾರಿ ನಂಬರ್ ಬರೀಬೇಕಾದ್ರ ಮುಂದ ಕೆ.ಎ. ಮೂವತ್ನಾಕು ಅಂತ ಬರೀದ ಬಿಟ್ಟವನೇ ಅಲ್ಲ. ಇದೊಂದಕ್ಕ ಯಾಕ ಬರೀ ನಾಕು ಅಂಕಿ?"

"ಯಾಕಂದ್ರ ಇದು ಲಾರೀನೇ ಅಲ್ಲ. ಅಣ್ಣನ ಲಾರಿ ನಂಬರಿಗೆ ತಾಳೆ ಆಗಿದ್ದು ಅವನ ಗ್ರಹಚಾರ."

ಆಫ್ರೀನ್ ಪರದೆಯನ್ನು ಅವರತ್ತ ತಿರುಗಿಸಿದಳು. ವಾರ್ತೆಯ ಪಕ್ಕದ ಕಿಟಕಿಯಲ್ಲಿ ನಾಲ್ಕು ಅಂಕಿಗಳಿದ್ದವು: 2804.

"ದೂರದರ್ಶನ ಬರೂದು ನೂರಾ ಎಪ್ಪತ್ತೈದೂಕಾಲು ಮೆಗಾಹರ್ಟ್ಸ್ ಮ್ಯಾಲೆ. ನಾನು ಅಷ್ಟೇ ಕೇಳಿದ್ದೆ. ಡ್ರೈವರ್ ಅದನ್ನ ಎರಡು ಸಾವಿರದ ಎಂಟುನೂರಾ ನಾಕು ಅಂತ ಬರಕೊಂಡೈತಿ. ಅದರ ಪುಸ್ತಕದಾಗ ಬರದಾರ, ನೋಡ್ರಿ. ಒಂದು ಮೆಗಾಹರ್ಟ್ಸನ್ನ ಹದಿನಾರು ತುಂಡು ಮಾಡಿ ಎಣಸ್ತೈತಿ. ಎರಡು ಸಾವಿರದ ಒಂಬೈನೂರಾ ಎಂಬತ್ನಾಕನ್ನ ಹದಿನಾರರಿಂದ ಭಾಗಿಸಿದ್ರ..." ಅವಳು ಕೈಬೆರಳಿನಲ್ಲೇ ಲೆಕ್ಕ ಹಾಕಿದಳು. "ನೂರಾ ಎಂಬತ್ತಾರೂವರೆ."

"ಅಲ್ಲೇನು ಬರತೈತಿ?"

"ಏನೂ ಬರೂದಿಲ್ರಿ. ಒಂದು ಚಾನೆಲ್ ನೂರಾ ಎಂಬತ್ತೆರಡೂಕಾಲಕ್ಕ, ಮುಂದಿಂದು ನೂರಾ ಎಂಬತ್ತೊಂಬತ್ತೂಕಾಲಕ್ಕ. ಇದು ಎರಡರ ನಡುಕ ಬೀಳತೈತಿ. ಹೊಸ ಟಿ.ವಿ.ಗಳು ಚಾನೆಲ್ ಹುಡುಕೂವಾಗ ಮೆಟ್ಟಲದ ಮ್ಯಾಲೇ ಕಾಲಿಟ್ಟು ಹೋಗ್ತಾವ. ನಡುಕಿನ ಜಾಗ ಯಾರೂ ನೋಡೂದಿಲ್ಲ."

ಅವಳು 2984 ಎಂದು ಒತ್ತಿದಳು. ಪರದೆ ತುಂಬ ಚುಕ್ಕಿಗಳು.

"ಇದು ಬಳ್ಳಾರಿ ಕೇಬಲ್," ಎಂದಳು ಆಫ್ರೀನ್ ನಿಧಾನವಾಗಿ. "ಹಾಲಸಿದ್ದಪ್ಪ ಇದ್ದದ್ದು ಕುರುಗೋಡಿನಾಗ. ಅಲ್ಲಿ ಕೇಬಲ್ ಬರೂದು ಸಿರುಗುಪ್ಪದಿಂದ."

ಚನ್ನವೀರಮ್ಮ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು.

* * *

ಬಾಡಿಗೆಯ ಓಮ್ನಿ ಕುರುಗೋಡು ತಲುಪಿದಾಗ ಮೂರೂ ಇಪ್ಪತ್ತು. ದಾರಿಯುದ್ದಕ್ಕೂ ಎದುರು ಬಂದ ಅದಿರಿನ ಲಾರಿಗಳಿಂದಾಗಿ ಆಫ್ರೀನಳ ಬಿಳಿ ದುಪಟ್ಟಾ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮಾನಿಟರನ್ನು ಅವಳು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದಳು.

ಹಾಲಸಿದ್ದಪ್ಪನ ಮನೆ ಬಂಡೆಗುಡ್ಡದ ಬುಡದಲ್ಲಿತ್ತು. ಬಾಗಿಲು ತೆಗೆದವಳು ಅವನ ಹೆಂಡತಿ ಗಂಗೋತ್ರಿ. ನಲವತ್ತರ ಹತ್ತಿರದ ವಯಸ್ಸು, ಕೆಂಪಾದ ಕಣ್ಣು. ಆಫ್ರೀನಳನ್ನು ಕಂಡ ಕೂಡಲೇ ಅವಳ ಮುಖ ಗೋಡೆಯ ಕಡೆ ತಿರುಗಿತು.

"ಕೈಸರನ ತಂಗೀನ ಯಾಕ ಕರಕೊಂಡು ಬಂದ್ರಿ ಅಕ್ಕಾರ?"

"ಹತ್ತು ನಿಮಿಷದ ಕೆಲಸ ತಂಗಿ," ಎಂದರು ಚನ್ನವೀರಮ್ಮ. "ನಿಮ್ಮನಿ ಕೇಬಲ್ ವಾಯರ್ ಒಂದೀಟು ಕೊಡು. ನಿನ್ನ ಗಂಡನ ಕಂಪ್ಯೂಟರ್ ಇದು. ಅದರಾಗ ಏನೋ ನೋಡೂದೈತಿ."

"ಇವತ್ತು ಬ್ಯಾಡ್ರಿ. ನಾಳಿ ಮುಂಜಾನಿ ಬರ್ರಿ."

"ನಾಳಿ ಯಾಕ?"

ಗಂಗೋತ್ರಿ ಗೋಡೆಯ ಗಡಿಯಾರದ ಕಡೆ ನೋಡಿದಳು. ಅಷ್ಟರಲ್ಲಿ ಚನ್ನವೀರಮ್ಮ ಒಳಗೆ ಕಾಲಿಟ್ಟಾಗಿತ್ತು.

ಪಡಸಾಲೆಯಲ್ಲಿ ಬಣ್ಣದ ದೊಡ್ಡ ಟಿ.ವಿ. ಇತ್ತು. ಮೇಲೆ ಕಸೂತಿ ಹಾಕಿದ ಬಟ್ಟೆ. ಅದಕ್ಕೆ ಕೇಬಲ್ ಸಿಕ್ಕಿಸಿರಲಿಲ್ಲ. ವಾಯರು ಗೋಡೆಗುಂಟ ಹಾದು ಅಡುಗೆಮನೆಗೆ ಹೋಗಿತ್ತು. ಅಲ್ಲಿ ಜೋಳದ ಡಬ್ಬಿಯ ಮೇಲೆ ಒಂದು ಸಣ್ಣ ಕಪ್ಪು-ಬಿಳುಪು ಟಿ.ವಿ., ಚಾನೆಲ್ಲಿಗೆ ಗುಂಡಿಯ ಕಿವಿ ತಿರುವುವ ಹಳೆಯ ಕಾಲದ್ದು. ಕೇಬಲ್ಲಿನ ತುದಿ ಅದರ ಹಿಂದೆ ಇತ್ತು.

ಚನ್ನವೀರಮ್ಮ ಅದನ್ನು ನೋಡಿದರು.

ಆಫ್ರೀನ್ ವಾಯರನ್ನು ಬಿಡಿಸಿಕೊಂಡು ಕಾರ್ಡಿಗೆ ಸಿಕ್ಕಿಸಿದಳು. ಸಿ.ಡಿ. ತಿರುಗಿತು. ಈ ಸಲ ಕಾರ್ಡಿನ ನಂಬರು ಅವಳಿಗೆ ಗೊತ್ತಿತ್ತು. 2984 ಎಂದು ಒತ್ತಿದಳು.

ಚುಕ್ಕಿಗಳು ಒಮ್ಮೆ ಅಲುಗಾಡಿ ಸರಿದವು. ಅವುಗಳ ಹಿಂದಿನಿಂದ ಒಂದು ರಸ್ತೆ ಮೂಡಿತು.

ಡಾಂಬರು ರಸ್ತೆ. ಅಡ್ಡಕ್ಕೆ ಕೆಂಪು-ಬಿಳಿ ಬಳಿದ ಬಿದಿರಿನ ಗಳ. ಸಾಲಾಗಿ ನಿಂತ ಲಾರಿಗಳು. ಬಲಗಡೆ ತಗಡಿನ ಚಹಾ ಅಂಗಡಿ, ಅದರ ಹಿಂದೆ ಬತ್ತದ ಗದ್ದೆ. ಕೆಳಗೆ ಹೆಸರಿಲ್ಲ, ಜಾಹೀರಾತಿಲ್ಲ, ಸದ್ದೂ ಇಲ್ಲ.

"ಸಿನಿಮಾ ಅಲ್ಲ ಇದು," ಎಂದಳು ಆಫ್ರೀನ್ ಪಿಸುದನಿಯಲ್ಲಿ. "ಕ್ಯಾಮರಾ. ಈಗ ನಡ್ಯಾಕತ್ತಿದ್ದು."

"ಸಿರುಗುಪ್ಪದ ಕಡಿ ಲಾರಿ ತಪಾಸಣಿ ಮಾಡೂ ಗೇಟು," ಎಂದರು ಚನ್ನವೀರಮ್ಮ. "ಆ ಚಹಾದಂಗಡ್ಯಾಗ ನಾನೇ ಎಷ್ಟು ಸಲ ಕುಂತೀನಿ." ಅವರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. "ಗೇಟಿನ ಮ್ಯಾಲೆ ಒಂದು ಕಣ್ಣು ಇಟ್ಟಾರ. ಅದನ್ನ ಕೇಬಲ್ಲಿನಾಗ ಕಳ್ಳದಾರಿಲಿ ಬಿಟ್ಟಾರ. ಪರ್ಮಿಟ್ ಇಲ್ಲದ ಅದಿರು ತುಂಬಿದಾವ ಮನ್ಯಾಗ ಕುಂತು ನೋಡ್ತಾನ. ತಪಾಸಣಿಯವರು ಇದ್ರ ಲಾರಿ ಬಿಡೂದಿಲ್ಲ. ಅವರು ಎದ್ದು ಹೋದ್ರ ಬಿಡ್ತಾನ. ಎಷ್ಟು ಚಂದ ಯೋಚನಿ ಮಾಡ್ಯಾರ ನೋಡು!"

ಅವರ ದನಿಯಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು.

"ಆತಲ್ರಿ," ಎಂದಳು ಗಂಗೋತ್ರಿ. "ನೋಡಿದ್ರಲ್ಲ. ಹೊರಡ್ರಿ ಇನ್ನ."

ಚನ್ನವೀರಮ್ಮ ಹಿಂತಿರುಗಿದರು. ಇಷ್ಟು ಹೊತ್ತೂ ಅವರು ಪರದೆ ನೋಡುತ್ತಿದ್ದರು. ಈಗ ಗಂಗೋತ್ರಿಯನ್ನು ನೋಡತೊಡಗಿದರು. ಗಂಡನ ಕಂಪ್ಯೂಟರಿನಲ್ಲಿ ಯಾರಿಗೂ ಗೊತ್ತಿಲ್ಲದ ರಸ್ತೆಯೊಂದು ಮೂಡಿದೆ. ಇದೇನು ಎಂದು ಈ ಹೆಂಗಸು ಕೇಳಲೇ ಇಲ್ಲ. ಅವಳ ಕಣ್ಣು ಗಡಿಯಾರದ ಮೇಲಿತ್ತು. ನಾಲ್ಕಕ್ಕೆ ಎರಡು ನಿಮಿಷ.

"ಕುಂದ್ರು ತಂಗಿ. ನಾಕು ಹೊಡೀಲಿ, ಹೋಗ್ತೀವಿ."

ನಾಲ್ಕು ಹೊಡೆಯಿತು. ಚಹಾ ಅಂಗಡಿಯ ಹಿಂದಿನ ಗದ್ದೆಯ ಬದುವಿನಿಂದ ಒಬ್ಬ ಮನುಷ್ಯ ಮೇಲೆ ಬಂದ. ತಲೆಗೆ ಟವೆಲ್ ಸುತ್ತಿದ್ದ. ಅಂಗಡಿಯವನಿಂದ ಚಹಾದ ಗ್ಲಾಸು ಇಸಿದುಕೊಂಡು ರಸ್ತೆಯ ಅಂಚಿಗೆ ಬಂದ. ಅಲ್ಲಿ ನಿಂತು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಒಂದು ಸಲ. ಎರಡು ಸಲ. ಮೂರು ಸಲ. ಆಮೇಲೆ ಮುಖವನ್ನು ನೆಟ್ಟಗೆ ಕ್ಯಾಮರಾದ ಕಡೆ ಎತ್ತಿದ.

ಅಗಲವಾದ ಹಣೆ, ಜೋಲು ಮೀಸೆ, ಎಡಗಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್. ಹತ್ತು ದಿನಗಳಿಂದ ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿರುವ ಫೋಟೋದ ಮುಖ ಅದೇ.

"ಹಾಲಸಿದ್ದಪ್ಪ!" ಆಫ್ರೀನ್ ಕಿರುಚಿದಳು. "ಜೀವಂತ ಅದಾನ! ಅಮ್ಮಾ, ಜೀವಂತ ಅದಾನ!"

ಆದರೂ ಅವಳು ಮಾಡಬೇಕಾದ್ದನ್ನು ಮರೆಯಲಿಲ್ಲ. ಒಂದು ಕೀಲಿ ಒತ್ತಿದಳು. ಆ ಮುಖ ಆ ಗಳಿಗೆಯಲ್ಲಿದ್ದ ಹಾಗೆಯೇ ಪೆನ್ ಡ್ರೈವಿಗೆ ಇಳಿಯಿತು. ಇನ್ನೊಂದು ಸಲ ಒತ್ತಿದಳು. ಮತ್ತೊಂದು ಸಲ. ಸೋಮವಾರ ನ್ಯಾಯಾಧೀಶರ ಮುಂದೆ ಇಡಲು ಇಷ್ಟು ಸಾಕು. ಅಳು ನುಗ್ಗಿ ಬಂದು ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು.

ಗಂಗೋತ್ರಿ ಕಿರುಚಲಿಲ್ಲ. ಸತ್ತನೆಂದು ಊರೆಲ್ಲ ಹೇಳುವ ಗಂಡ ಕಣ್ಣೆದುರು ಚಹಾ ಕುಡಿಯುತ್ತಿದ್ದ. ಅವಳು ತಡೆಹಿಡಿದಿದ್ದ ಉಸಿರನ್ನು ಮೆಲ್ಲಗೆ ಬಿಟ್ಟಳು. ಅಷ್ಟೇ.

"ಆ ವಾಯರ್ ತೆಗದು ಅಡುಗಿಮನಿ ಟಿ.ವಿ.ಗೆ ಹಾಕು ಆಫ್ರೀನ್," ಎಂದರು ಚನ್ನವೀರಮ್ಮ.

"ಈಗ್ಯಾಕ್ರಿ ಅಮ್ಮಾ?"

"ಹಾಕು. ಕಿವಿ ಮಾತ್ರ ಮುಟ್ಟಬ್ಯಾಡ."

ಸಣ್ಣ ಟಿ.ವಿ. ಗುಂಯ್ ಎಂದು ಬಿಸಿಯಾಯಿತು. ಚಿತ್ರ ಮೂಡಿತು. ಅದೇ ರಸ್ತೆ, ಅದೇ ಗಳ, ಚಹಾದ ಗ್ಲಾಸು ಹಿಡಿದ ಅದೇ ಮನುಷ್ಯ.

"ಹಳೀ ಟಿ.ವಿ.ಗೆ ಮೆಟ್ಟಲ ಇಲ್ಲ. ಕಿವಿ ತಿರುವಿದಲ್ಲಿ ಹೋಗಿ ನಿಂದರತೈತಿ," ಎಂದರು ಚನ್ನವೀರಮ್ಮ. "ನೀನು ದಿನಾ ನೋಡಾಕತ್ತೀದಿ. ಹೌದಿಲ್ಲೋ?"

ಗಂಗೋತ್ರಿ ನೆಲಕ್ಕೆ ಕುಸಿದು ಕುಳಿತಳು.

"ಮುಖ ಮೂರು ಸಲ ಒರಸಿಕೊಂಡ್ರ ಆರಾಮ ಅದೀನಿ ಅಂತ ಅರ್ಥ," ಎಂದಳು. "ಫೋನ್ ಮಾಡಿದ್ರ ಹಿಡೀತಾರ ಅಂತ ಇದೊಂದು ದಾರಿ ಇಟ್ಟಾರ್ರಿ. ಕಳ್ಳ ಲೋಡ್ ಬಿಡೂದು ರಾತ್ರಿ, ಹಗಲು ಲಾರಿಯವರು ಇದನ್ನ ನೋಡೂದಿಲ್ಲ."

"ಅವ ಬದುಕ್ಯಾನ ಅಂತ ಗೊತ್ತಿದ್ದೂ ನಮ್ಮಣ್ಣನ್ನ ಜೈಲಿಗೆ ಹಾಕ್ಸಿದ್ರಿ!" ಆಫ್ರೀನ್ ಅವಳ ಮುಂದೆ ಹೋಗಿ ನಿಂತಳು. "ನಮ್ಮವ್ವ ಹನ್ನೊಂದು ದಿನದಿಂದ ನೀರು ಬಿಟ್ರ ಏನೂ ತಗೊಂಡಿಲ್ಲ. ನಮ್ಮ ಅಂಗಡಿ ಮುಂದ ಬಂದು ಮಂದಿ ಖೂನಿಯವರ ಮನಿ ಇದು ಅಂತ ಉಗುಳಿ ಹೋಗ್ತಾರ. ಹೆಂಗ ಮನಸ್ಸು ಬಂತು ನಿಮಗ?"

"ನಾನು ಅವನ ಹೆಸರು ಹೇಳ್ಲಿಲ್ಲವ್ವಾ. ಚೀಟಿ ನೋಡಿ ಪೊಲೀಸರೇ ಹೇಳಿದ್ರು. ನಾನು..." ಗಂಗೋತ್ರಿ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. "ನಾನು ಸುಮ್ಮನಿದ್ದೆ."

"ಯಾಕ ಸುಮ್ಮನಿದ್ದಿ?" ಚನ್ನವೀರಮ್ಮ ಅವಳೆದುರು ಕುಕ್ಕರಗಾಲಲ್ಲಿ ಕುಳಿತರು. ದನಿ ಗದರಿಸುವಂತಿರಲಿಲ್ಲ. ನೀರಿನ ತಂಬಿಗೆಯನ್ನು ಅವಳತ್ತ ಸರಿಸಿದರು. "ಎಲ್ಲಾ ಹೇಳು."

ಅವಳು ಒಂದು ಗುಟುಕು ಕುಡಿದಳು.

"ಆ ಕ್ಯಾಮರಾ ಕಂಬಕ್ಕ ಹಾಕಿದವರು ನಮ್ಮ ಮನಿಯವರೇರಿ. ಮೊದಲ ಕೇಬಲ್ ಲೈನ್‌ಮನ್ ಇದ್ರಲ್ಲ. ಲಾರಿಯವರು ಕೇಳಿದ್ರು, ಹಾಕಿಕೊಟ್ರು. ಏನಾಗತೈತಿ ಅಂತ ಆವಾಗ ಯೋಚನಿ ಮಾಡ್ಲಿಲ್ಲ. ತಾವೂ ಕಾಟಾದಾಗ ಕುಂತು ನೋಡ್ತಿದ್ರು, ಹುಚ್ಚು ಅವರಿಗೆ. ನೋಡಿದ್ದನ್ನ ಹಿಡದೂ ಇಡ್ತಿದ್ರು. ಹೋದ ತಿಂಗಳು ಗೇಟಿನ ಮುಂದ ಒಬ್ಬ ಇನ್‌ಸ್ಪೆಕ್ಟರಿಗೆ ಲಾರಿ ಬಡೀತಲ್ಲ?"

"ಉಚ್ಚೆಂಗೆಪ್ಪ. ಪರ್ಮಿಟ್ ನೋಡಾಕ ನಿಂತಾಗ ಬ್ರೇಕ್ ಫೇಲಾಗಿ ಮ್ಯಾಲೆ ಬಂತು ಅಂದ್ರು."

"ಬ್ರೇಕ್ ಫೇಲಾಗಿಲ್ರಿ. ಆ ಲಾರಿ ನಿಂತಿತ್ತು. ಯಾರೋ ಒಬ್ಬರು ಕೈ ಮಾಡಿದ ಮ್ಯಾಲೆ ಹೊಂಟೈತಿ. ಕೈ ಮಾಡಿದವರ ಮುಖ ಇವರ ಡಿಸ್ಕಿನಾಗ ಐತಿ. ಅದಕ್ಕ ಇವರೇ ಡಿಸ್ಕ್ ಕಿತ್ತುಕೊಂಡು ಹೋದ್ರು. ಹೋಗೂವಾಗ, ನಾನು ಸತ್ತೀನಿ ಅಂತ ಆ ಮಂದಿ ತಿಳಕೊಂಡಿದ್ರೇನೇ ನೀನೂ ಬದುಕ್ತಿ ಅಂದ್ರು. ಮುಖ ಯಾರದು ಅಂತ ನನಗೂ ಹೇಳ್ಲಿಲ್ಲ."

ಚನ್ನವೀರಮ್ಮನ ಕಣ್ಣು ಕಿರಿದಾದವು. ಉಚ್ಚೆಂಗೆಪ್ಪನ ಹೆಣ ಎತ್ತುವಾಗ ಸುತ್ತ ನಿಂತು ಅಯ್ಯೋ ಎಂದವರನ್ನೆಲ್ಲ ಅವರು ಮನಸ್ಸಿನಲ್ಲಿ ಸಾಲು ನಿಲ್ಲಿಸುತ್ತಿದ್ದರು.

"ಅಮ್ಮಾ," ಎಂದಳು ಆಫ್ರೀನ್. "ಚಿತ್ರ ಅಳ್ಳಾಡಾಕತ್ತೈತಿ."

ಮೂವರೂ ಸಣ್ಣ ಟಿ.ವಿ.ಯ ಕಡೆ ತಿರುಗಿದರು.

ರಸ್ತೆ ಒಮ್ಮೆ ಎಡಕ್ಕೆ ಜಗ್ಗಿತು. ನಿಂತಿತು. ಮತ್ತೆ ಜಗ್ಗಿತು. ಅಂಚಿನಲ್ಲಿದ್ದ ಚಹಾ ಅಂಗಡಿ ಮೆಲ್ಲಮೆಲ್ಲಗೆ ಪರದೆಯ ನಡುವಿಗೆ ಬಂತು. ಈಗ ಸರಿಯಾಗಿ ನಟ್ಟನಡುವೆ ಹಾಲಸಿದ್ದಪ್ಪ ನಿಂತಿದ್ದ.

"ಗಾಳಿಗೆ ಇರಬೇಕು," ಎಂದರು ಚನ್ನವೀರಮ್ಮ.

"ಗಾಳಿಗೆ ಅಳ್ಳಾಡೂದಿಲ್ರಿ ಅದು!" ಗಂಗೋತ್ರಿ ಎದ್ದು ನಿಂತಳು. "ಬೋಲ್ಟ್ ಹಾಕಿ ಬಿಗದಾರ. ಕೈಲೇ ತಿರುಗಿಸಬೇಕು."

ಹಾಲಸಿದ್ದಪ್ಪ ಚಹಾ ಮುಗಿಸಿ ಗ್ಲಾಸು ಕೊಟ್ಟು ನಾಲ್ಕು ಹೆಜ್ಜೆ ನಡೆದ. ಚಿತ್ರವೂ ಅವನ ಜೊತೆಗೇ ನಾಲ್ಕು ಹೆಜ್ಜೆ ಸರಿಯಿತು.

ಬಿಸಿಲು ಪಡುವಣಕ್ಕೆ ವಾಲಿತ್ತು. ಕಂಬದ ನೆರಳು ರಸ್ತೆಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಚನ್ನವೀರಮ್ಮ ಬೆರಳನ್ನು ಗಾಜಿನ ಮೇಲಿಟ್ಟು ಆ ನೆರಳಿನ ಗುಂಟ ಮೇಲಕ್ಕೆ ಸಾಗಿದರು. ತುದಿಯ ಹತ್ತಿರ ನೆರಳು ದಪ್ಪಗಾಗಿತ್ತು. ಒಂದು ತಲೆ. ಬಗ್ಗಿದ ಬೆನ್ನು. ಕಂಬವನ್ನು ತಬ್ಬಿದ ಎರಡು ಕಾಲು.

"ಮ್ಯಾಲೆ ಯಾರೋ ಕುಂತಾರ," ಎಂದರು.

ಹಾಲಸಿದ್ದಪ್ಪ ಆ ನೆರಳನ್ನು ತುಳಿದ. ನಿಂತ. ತಲೆ ಎತ್ತಿದ.

"ಓಡ್ರಿ! ಓಡಿ ಹೋಗ್ರಿ!" ಗಂಗೋತ್ರಿ ಎರಡೂ ಕೈಯಿಂದ ಟಿ.ವಿ.ಯನ್ನು ಹಿಡಿದು ಅಲುಗಾಡಿಸಿದಳು.

ಅವನು ಓಡಲಿಲ್ಲ. ಮೇಲೆ ಇದ್ದವರ ಗುರುತು ಹಿಡಿದ ಹಾಗೆ ಅವನ ಮುಖ ಅರಳಿತು. ಜೋಲು ಮೀಸೆಯ ಕೆಳಗೆ ಹಲ್ಲು ಕಂಡಿತು. ಕೆಳಗಿಳಿ ಎನ್ನುವಂತೆ ಕೈ ಬೀಸಿ ಏನೋ ಅಂದ.

ಚಿತ್ರ ಕತ್ತರಿಸಿಹೋಯಿತು. ಸಣ್ಣ ಪರದೆಯ ತುಂಬ ಚುಕ್ಕಿಗಳು ಕುದಿಯತೊಡಗಿದವು.

ಚನ್ನವೀರಮ್ಮ ಹೊರಗೆ ಓಮ್ನಿಯವನಿಗೆ ಗಾಡಿ ತಿರುಗಿಸಲು ಕೂಗಿ ಹೇಳಿ ಒಳಗೆ ಬಂದು ಗಂಗೋತ್ರಿಯ ಎರಡೂ ತೋಳು ಹಿಡಿದರು.

"ನನ್ನ ಕಡಿ ನೋಡು. ನಿನ್ನ ಗಂಡ ಅಲ್ಲಿ ಅದಾನ ಅನ್ನೂದು ನಿನ್ನ ಬಿಟ್ರ ಇನ್ನ ಯಾರಿಗೆ ಗೊತ್ತು?"

"ಒಬ್ಬರಿಗೇ ಗೊತ್ತು."

"ಯಾರಿಗೆ?"

ಗಂಗೋತ್ರಿ ಚನ್ನವೀರಮ್ಮನನ್ನು ನೋಡಲಿಲ್ಲ. ಕಣ್ಣೀರು ತುಂಬಿದ ಕಣ್ಣನ್ನು ಆಫ್ರೀನಳತ್ತ ತಿರುಗಿಸಿದಳು.

"ನಿಮ್ಮಣ್ಣಗ," ಎಂದಳು. "ಅವತ್ತು ಅವರನ್ನ ತನ್ನ ಲಾರ್ಯಾಗ ಕೂಡಿಸಿಕೊಂಡು ಅಲ್ಲಿಗೆ ಮುಟ್ಟಿಸಿದಾವ ಕೈಸರ್. ಇಷ್ಟು ದಿನ ಜೈಲಿನಾಗ ಬಾಯಿ ಬಿಡದಾವ ಈಗ ಯಾರಿಗೋ ಹೇಳ್ಯಾನ."